ತರಗು ಬೆಂಕಿ, ಲಂಟಾನ ಬೆಂಕಿ

(ಕಾಡಂಚಿನ ಒಂದು ಕಾಲೇಜಿನಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

2019ರ ಫೆಬ್ರವರಿಯ ಕೊನೆಯ ವಾರ ನಿಮಗೆ ನೆನಪಿದೆಯಾ? ನೀವೆಲ್ಲ ಆಗ ಮಿಡ್ಲ್ ಸ್ಕೂಲಿನಲ್ಲಿ ಇದ್ದಿರಬೇಕು. ಬೆಂಗಳೂರಿನ ಯಲಹಂಕದಲ್ಲಿ ವಿಮಾನಗಳ ಪ್ರದರ್ಶನ ನಡೆಯುತ್ತಿತ್ತು. 23ನೇ ತಾರೀಕು, ಶನಿವಾರ. ಕಾರು ನಿಲ್ಲಿಸಿದ್ದ ಬಯಲಿನ ಒಣಹುಲ್ಲಿಗೆ ಬೆಂಕಿ ಬಿತ್ತು. ನೋಡನೋಡುತ್ತಲೇ ಸುಮಾರು 300 ಕಾರು ಸುಟ್ಟುಹೋದವು. ಇಡೀ ದಿನ ಟಿವಿಯಲ್ಲಿ ಅದೇ.

ಅದೇ ದಿನ, ಅಲ್ಲಿಂದ ಇನ್ನೂರು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ ಬಂಡೀಪುರವೂ ಉರಿಯುತ್ತಿತ್ತು. ಶುರುವಾಗಿ ಎರಡು ದಿನ ಆಗಿತ್ತು. ಪೂರ್ತಿ ಆರುವ ಹೊತ್ತಿಗೆ 10 ಸಾವಿರ ಎಕರೆಗಿಂತ ಜಾಸ್ತಿ ಸುಟ್ಟಿದೆ ಅಂತ ಉಪಗ್ರಹದ ಚಿತ್ರದಿಂದ ಲೆಕ್ಕ ಸಿಕ್ಕಿತು. ಕಾರು ಸುಟ್ಟದ್ದೂ ಒಣಹುಲ್ಲಿನಿಂದ, ಕಾಡು ಸುಟ್ಟದ್ದೂ ಒಣಹುಲ್ಲಿನಿಂದ. ಆದರೆ ಕಾರಿಗೂ ಕಾಡಿಗೂ ಒಂದು ವ್ಯತ್ಯಾಸ ಇದೆ. ಕಾರು ಸುಟ್ಟರೆ ಮುಗಿಯಿತು. ಕಾಡು ಹಾಗಲ್ಲ. ಕೆಲವು ಕಾಡು ಸುಟ್ಟು ಎದ್ದು ಬರುತ್ತದೆ. ಕೆಲವು ಸುಟ್ಟರೆ ಏಳುವುದೇ ಇಲ್ಲ. ಒಂದೇ ಕಾಡು ಒಂದು ಸಲ ಏಳುತ್ತದೆ, ಇನ್ನೊಂದು ಸಲ ಏಳಲ್ಲ. ಯಾಕೆ ಅನ್ನುವುದೇ ಇವತ್ತಿನ ಮಾತು.

ನಾನು ವಿಜ್ಞಾನಿ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವನು. ರಜೆ ಬಂದರೆ ಕಾಡಂಚಿನ ಊರುಗಳಲ್ಲಿ ಓಡಾಡುವ ಚಟ.

ಆ ಭಾನುವಾರ ಗೆಳೆಯರ ಜೊತೆ ನಾನೂ ಬಂಡೀಪುರದ ಕಡೆ ಹೋಗಿದ್ದೆ. ಬೆಂಕಿ ಆರಿಸಲು ಹೋಗಿದ್ದೆ ಅಂತ ಹೇಳಿಕೊಳ್ಳಲು ನಾಚಿಕೆ. ಕೈಯಲ್ಲಿದ್ದದ್ದು ಒಂದು ಹಸಿ ಸೊಪ್ಪಿನ ಕೊಂಬೆ, ಅಷ್ಟೇ. ನಮ್ಮಂಥವರನ್ನು ಅರಣ್ಯ ಇಲಾಖೆಯ ವಾಚರ್ ಹುಡುಗರು ಹಿಂದಿನ ಸಾಲಿನಲ್ಲಿ ನಿಲ್ಲಿಸಿದರು. ಮುಂದಿನವರು ಉರಿ ಬಡಿದು ಹೋದ ಮೇಲೆ ಹೊಗೆಯಾಡುವ ಕೊರಡಿಗೆ ಮಣ್ಣು ಮುಚ್ಚುವುದು ನಮ್ಮ ಕೆಲಸ. ಅಲ್ಲಿ ನಿಂತು ನಾನು ಎರಡು ಬೆಂಕಿ ನೋಡಿದೆ. ಮರಗಳ ನಡುವೆ ಬರೀ ಹುಲ್ಲು, ತರಗೆಲೆ ಇದ್ದ ಕಡೆ ಉರಿ ಮೊಣಕಾಲಿನ ಎತ್ತರಕ್ಕೆ ಬರುತ್ತಿತ್ತು. ನಾಲ್ಕು ಜನ ಸಾಲಾಗಿ ನಿಂತು ಸೊಪ್ಪಿನಲ್ಲಿ ಬಡಿದರೆ ಆರುತ್ತಿತ್ತು. ಐವತ್ತು ಹೆಜ್ಜೆ ಆಚೆ ಲಂಟಾನದ ಪೊದೆ ಸಾಲು. ಅಲ್ಲಿ ಉರಿ ಆಳೆತ್ತರ ದಾಟಿತ್ತು. ಹತ್ತಿರ ಹೋಗುವ ಮಾತೇ ಇಲ್ಲ, ಮುಖ ಸುಡುತ್ತಿತ್ತು. ಅಲ್ಲಿದ್ದವರು ಯಾರೂ ಅದನ್ನು ಆರಿಸಲು ನೋಡಲಿಲ್ಲ. ದಾರಿಯ ಈಚೆ ಬಂದು ಎದುರು ಬೆಂಕಿ ಕೊಟ್ಟರು. ಅಂದರೆ, ಬರುವ ಬೆಂಕಿಗೆ ತಿನ್ನಲು ಏನೂ ಸಿಗದ ಹಾಗೆ ಮೊದಲೇ ಒಂದು ಪಟ್ಟಿ ಸುಟ್ಟುಬಿಡುವುದು.

ಒಂದೇ ಕಾಡು, ಒಂದೇ ಬಿಸಿಲು, ಒಂದೇ ಗಾಳಿ. ಆದರೂ ಎರಡು ಬೆಂಕಿ.

ಇದು ಅರ್ಥವಾಗಬೇಕಾದರೆ ಹಂಡೆ ಒಲೆಗೆ ಉರಿ ಹಾಕಿ ಗೊತ್ತಿರಬೇಕು. ಯಾರಿಗೆ ಗೊತ್ತು, ಕೈ ಎತ್ತಿ? ಪರವಾಗಿಲ್ಲ, ಇನ್ನೂ ಇದ್ದೀರಿ. ಚಿಕ್ಕವನಾಗಿದ್ದಾಗ ನಮ್ಮ ಮನೆಯ ಬಚ್ಚಲ ಹಂಡೆಗೆ ಉರಿ ಹಾಕುವುದು ನನ್ನ ಪಾಲಿನ ಕೆಲಸವಾಗಿತ್ತು. ಬರೀ ತರಗು ತುಂಬಿದರೆ ಭಗ್ಗನೆ ಹತ್ತಿ ಕ್ಷಣದಲ್ಲಿ ಬೂದಿ. ನೀರು ಉಗುರು ಬೆಚ್ಚಗೂ ಆಗಲ್ಲ. ಬರೀ ಕೊರಡು ತುರುಕಿದರೆ ಹೊಗೆ ಬಂದು ಕಣ್ಣುರಿ, ಉರಿ ಮಾತ್ರ ಇಲ್ಲ. ನಡುವೆ ಪುಳ್ಳೆ ಬೇಕು. ಪುಳ್ಳೆಯನ್ನೂ ಒತ್ತಿ ತುರುಕಬಾರದು. ಗಾಳಿಯಾಡುವ ಹಾಗೆ ಅಡ್ಡಡ್ಡ ಇಡಬೇಕು. ತರಗಿನ ಉರಿಯನ್ನು ಪುಳ್ಳೆ ಹಿಡಿಯುತ್ತದೆ, ಪುಳ್ಳೆಯದನ್ನು ಕೊರಡು ಹಿಡಿಯುತ್ತದೆ.

ನಮ್ಮ ಎಲೆ ಉದುರುವ ಕಾಡಿನಲ್ಲಿ ತರಗು ಇದ್ದೇ ಇರುತ್ತದೆ. ತೇಗ, ಮತ್ತಿ, ಹೊನ್ನೆ, ದಿಂಡಿಗ ಎಲ್ಲ ಚಳಿಗಾಲದಲ್ಲಿ ಎಲೆ ಕಳಚುತ್ತವೆ. ಕೊರಡೂ ಇರುತ್ತದೆ, ಮರ ಅಂದರೆ ಅದೇ ತಾನೇ. ಇಲ್ಲದೇ ಇದ್ದದ್ದು ನಡುವಿನ ಪುಳ್ಳೆ. ಆ ಕೊರತೆಯನ್ನು ಲಂಟಾನ ತುಂಬಿತು. ಸಣ್ಣ ಸಣ್ಣ ಒಣ ಕಡ್ಡಿ, ಒಂದರ ಮೇಲೊಂದು ಹೆಣೆದುಕೊಂಡು, ಒಳಗೆಲ್ಲ ಗಾಳಿ. ಯಾರೋ ಕಾಡಿನ ತುಂಬ ಪುಳ್ಳೆ ಒಟ್ಟಿ, ಚೆನ್ನಾಗಿ ಉರಿಯಲಿ ಅಂತ ನಿಲ್ಲಿಸಿ ಹೋದ ಹಾಗೆ. ಮರವನ್ನು ಅಪ್ಪಿಕೊಂಡು ಮೇಲೆ ಹತ್ತುವ ಗುಣವೂ ಅದಕ್ಕಿದೆ. ನೆಲದ ಬೆಂಕಿಗೆ ಏಣಿ ಸಿಕ್ಕಂತಾಯಿತು.

ಈ ಗಿಡ ನಮ್ಮದಲ್ಲ. ಅಮೆರಿಕ ಖಂಡದ ಬಿಸಿ ನಾಡುಗಳದ್ದು. 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಹೂವು ಚೆನ್ನಾಗಿದೆ ಅಂತ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಹೂವು ಚೆನ್ನಾಗಿರುವುದೇನೋ ನಿಜ. ಹಣ್ಣು ಹಕ್ಕಿಗಳಿಗೆ ಇಷ್ಟ. ದನ ತಿನ್ನಲ್ಲ. ಕಡಿದರೆ ಬುಡದಿಂದ ಚಿಗುರುತ್ತದೆ. ಇಷ್ಟು ಸಾಕಲ್ವಾ ದೇಶ ಆಳಲು! ಬಿಳಿಗಿರಿರಂಗನ ಬೆಟ್ಟದಲ್ಲಿ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಇಡೀ ಕಾಡಿಗೆ ಚೌಕ ಹಾಕಿ ಲೆಕ್ಕ ತೆಗೆದಿದ್ದಾರೆ. 1997ರಲ್ಲಿ ನೂರು ಜಾಗ ನೋಡಿದರೆ ಸುಮಾರು 40ರಲ್ಲಿ ಲಂಟಾನ ಇತ್ತು. 2008ರಲ್ಲಿ ಸುಮಾರು 80ರಲ್ಲಿ. ಹನ್ನೊಂದು ವರ್ಷಕ್ಕೆ ಎರಡರಷ್ಟು.

ಬಂಡೀಪುರ, ನಾಗರಹೊಳೆ ಕಡೆ ಇನ್ನೊಂದು ಸಂಗತಿಯೂ ಸೇರಿಕೊಂಡಿತು. ಬಿದಿರು ಹಲವು ದಶಕಕ್ಕೊಮ್ಮೆ ಒಟ್ಟಿಗೇ ಹೂಬಿಟ್ಟು, ಅಕ್ಕಿ ಉದುರಿಸಿ, ಒಟ್ಟಿಗೇ ಸಾಯುತ್ತದೆ ಅಂತ ಗೊತ್ತಲ್ಲ. 2010ರ ಆಚೀಚೆ ಅಲ್ಲಿ ಬಿದಿರು ಹೂಬಿಟ್ಟು ಸತ್ತಿತು. ಬಿದಿರು ಮೆಳೆ ಇದ್ದ ಕಡೆ ಬಿಸಿಲು ನೆಲಕ್ಕೆ ಬಿತ್ತು. ಆ ಜಾಗಕ್ಕೂ ಲಂಟಾನ ನುಗ್ಗಿತು. ಕೆಳಗೆ ಸತ್ತ ಬಿದಿರಿನ ರಾಶಿ, ಮೇಲೆ ಲಂಟಾನ.

ಇಲ್ಲೊಂದು ನಂಬಿಕೆಯನ್ನು ತೆಗೆದುಹಾಕಬೇಕು. ಬಿದಿರು ಬಿದಿರಿಗೆ ಉಜ್ಜಿ ಕಾಡಿಗೆ ಬೆಂಕಿ ಬೀಳುತ್ತದೆ ಅಂತ ನಮ್ಮ ಮೇಷ್ಟ್ರೂ ಹೇಳಿಕೊಟ್ಟಿದ್ದರು. ನಾನೂ ಕೆಲವು ವರ್ಷ ಮಕ್ಕಳಿಗೆ ಹಾಗೇ ಹೇಳಿಕೊಟ್ಟೆ. ಆ ಮಕ್ಕಳು ಯಾರಾದರೂ ಇಲ್ಲಿದ್ದರೆ ಕ್ಷಮಿಸಿ. ನಮ್ಮ ಕಡೆ ಫೆಬ್ರವರಿ, ಮಾರ್ಚಿನ ಬೆಂಕಿಗೆ ಕಾರಣ ಹೆಚ್ಚುಕಮ್ಮಿ ಯಾವಾಗಲೂ ಮನುಷ್ಯ. ಬೀಡಿ ತುಂಡು, ಜೇನು ಬಿಡಿಸುವಾಗ ಕೈಬಿಟ್ಟ ಕೊಳ್ಳಿ, ಹೊಸ ಹುಲ್ಲು ಬರಲಿ ಅಂತ ದನ ಕಾಯುವವರು ಹಾಕಿದ್ದು, ಜಿಂಕೆ ಉದುರಿಸಿದ ಕೊಂಬು ಕಾಣಲಿ ಅಂತ ಹಾಕಿದ್ದು, ಹೊಲದ ಬದುವಿನಿಂದ ಹಾರಿದ್ದು. ಕೆಲವು ಸಲ ಇಲಾಖೆಯ ಮೇಲಿನ ಸಿಟ್ಟಿಗೆ ಹಾಕಿದ್ದು. ಸಿಟ್ಟು ಯಾರ ಮೇಲೋ, ಸುಡುವುದು ನೆಲದ ಮೇಲೆ ಗೂಡು ಕಟ್ಟಿದ ಹಕ್ಕಿ.

ಈಗ ಮರದ ಕಡೆಯಿಂದ ನೋಡೋಣ. ಮರದ ಜೀವ ಇರುವುದು ತೊಗಟೆಯ ಒಳಗಿನ ತೆಳು ಹಸಿ ಪದರದಲ್ಲಿ. ಆ ಪದರ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾದರೆ ಸತ್ತುಹೋಗುತ್ತದೆ. ಹಾಗಾಗಿ ಬೆಂಕಿ ಎಷ್ಟು ಎತ್ತರ ಅನ್ನುವುದರ ಜೊತೆಗೆ ಎಷ್ಟು ಹೊತ್ತು ಬುಡದಲ್ಲಿ ನಿಂತಿತು ಅನ್ನುವುದೂ ಮುಖ್ಯ. ಮತ್ತಿ ಮರದ ತೊಗಟೆ ನೋಡಿದ್ದೀರಲ್ಲ, ಮೊಸಳೆಯ ಬೆನ್ನಿನ ಹಾಗೆ ಬಿರುಕು ಬಿಟ್ಟಿರುತ್ತದೆ. ಅದು ಅದರ ಕವಚ. ತರಗಿನ ಬೆಂಕಿ ಅದರ ಬುಡವನ್ನು ಕಪ್ಪು ಮಾಡಿ ದಾಟಿ ಹೋಗುತ್ತದೆ. ನೆಲದೊಳಗೆ ನಾಲ್ಕು ಬೆರಳು ಕೆಳಗೆ ಬಿಸಿ ಅಷ್ಟಾಗಿ ಇಳಿಯಲ್ಲ. ಮುತ್ತುಗ, ತೇಗ, ಸಣ್ಣ ಈಚಲು ಇವೆಲ್ಲ ಮೇಲೆ ಸುಟ್ಟರೂ ಬುಡದಿಂದ ಮತ್ತೆ ಚಿಗುರುತ್ತವೆ. ಸುಟ್ಟ ನೆಲದಲ್ಲಿ ಒಂದು ಮಳೆಗೆ ಹುಲ್ಲು ಎದ್ದು ಬರುವುದನ್ನು ನೀವೇ ನೋಡಿದ್ದೀರಿ.

ಕಷ್ಟ ಇರುವುದು ಮಕ್ಕಳಿಗೆ, ಅಂದರೆ ಸಸಿಗಳಿಗೆ. ಸಸಿಯ ತೊಗಟೆ ಕಾಗದದಷ್ಟು ತೆಳು. ಬೆಂಕಿ ಬಂದರೆ ನೆಲದ ಮೇಲಿನ ಭಾಗ ಹೋಗುತ್ತದೆ. ಬೇರು ಉಳಿದು ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಮತ್ತೆ ಬೆಂಕಿ, ಮತ್ತೆ ಚಿಗುರು. ಹೀಗೆ ವರ್ಷಗಟ್ಟಲೆ ಮೊಣಕಾಲೆತ್ತರದಲ್ಲೇ ಇರುವ ಸಸಿಗಳಿವೆ. ಮೇಲೆ ಏಳಲು ಅದಕ್ಕೆ ಬೇಕಾದದ್ದು ನಡುವೆ ನಾಲ್ಕಾರು ವರ್ಷದ ಬಿಡುವು. ಅಷ್ಟರಲ್ಲಿ ತೊಗಟೆ ದಪ್ಪಗಾಗಿ, ಚಿಗುರು ಉರಿಯ ಕೈಗೆ ಸಿಗದಷ್ಟು ಎತ್ತರಕ್ಕೆ ಹೋದರೆ ಅದು ಮರ. ಇಲ್ಲದಿದ್ದರೆ ಕಾಡಿನಲ್ಲಿ ಅಜ್ಜ ಅಜ್ಜಿ ಮರಗಳು ಮಾತ್ರ ಉಳಿಯುತ್ತವೆ. ಮೇಲಿಂದ ನೋಡಿದರೆ ಹಸಿರು. ಒಳಗೆ ನಡೆದರೆ ಮುಂದಿನ ತಲೆಮಾರೇ ಇಲ್ಲ.

ಈ ಬಿಡುವು ಎಷ್ಟಿತ್ತು, ಈಗ ಎಷ್ಟಿದೆ? ನಮ್ಮ ಬಂಡೀಪುರಕ್ಕೆ ಅಂಟಿಕೊಂಡೇ ಇರುವ ಮುದುಮಲೆಯ ಬಗ್ಗೆ ಒಳ್ಳೆಯ ಲೆಕ್ಕ ಇದೆ. ನರೇಂದ್ರನ್ ಕೋದಂಡಪಾಣಿ, ಮಾರ್ಕ್ ಕಾಕ್ರೇನ್, ಆರ್. ಸುಕುಮಾರ್ ಎಂಬ ಸಂಶೋಧಕರು 2004ರಲ್ಲಿ ಪ್ರಕಟಿಸಿದ್ದು. ನೂರು ವರ್ಷದ ಹಿಂದಿನ ಅರಣ್ಯ ದಾಖಲೆಗಳ ಪ್ರಕಾರ ಅಲ್ಲಿ ಒಂದು ಜಾಗಕ್ಕೆ ಸರಾಸರಿ 10 ವರ್ಷಕ್ಕೊಮ್ಮೆ ಬೆಂಕಿ ಬೀಳುತ್ತಿತ್ತು. 1989ರಿಂದ 2002ರ ನಡುವೆ ಅದು 3.3 ವರ್ಷಕ್ಕೊಮ್ಮೆ ಆಗಿತ್ತು. ಬಿಡುವು ಮೂರನೇ ಒಂದು ಪಾಲಿಗೆ ಇಳಿಯಿತು.

ಹಾಗಾದರೆ ಬೆಂಕಿಯನ್ನು ಪೂರ್ತಿ ನಿಲ್ಲಿಸಿಬಿಟ್ಟರೆ ಆಯಿತಲ್ಲ ಅಂತ ನಿಮಗೆ ಅನ್ನಿಸಬಹುದು. ನನಗೂ ಬಹಳ ವರ್ಷ ಹಾಗೇ ಅನ್ನಿಸಿತ್ತು. ನನ್ನ ತಲೆ ತಿರುಗಿಸಿದವರು ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಆ ಕಾಡಿನಲ್ಲೇ ಬಾಳಿಕೊಂಡು ಬಂದ ಬುಡಕಟ್ಟಿನ ಜನ.

ಸೋಲಿಗರ ಪೋಡುಗಳಲ್ಲಿ, ಅಂದರೆ ಅವರ ಹಟ್ಟಿಗಳಲ್ಲಿ, ಹಿರಿಯರ ಹತ್ತಿರ ಕೂತು ಕೇಳಿದರೆ ತರಗು ಬೆಂಕಿಯ ಮಾತು ಬಂದೇ ಬರುತ್ತದೆ. ಹೆಸರಲ್ಲೇ ಎಲ್ಲ ಇದೆ. ತರಗನ್ನು ಮಾತ್ರ ಸುಡುವ ಬೆಂಕಿ. ಹಾಕುತ್ತಿದ್ದದ್ದು ಜನವರಿ, ಫೆಬ್ರವರಿಯಲ್ಲಿ. ಲೆಕ್ಕ ಸುಲಭ: ಸಂಕ್ರಾಂತಿ ಹೊತ್ತಿಗೆ ಎಲೆ ಉದುರಿರುತ್ತದೆ, ಆದರೆ ಬೆಳಗಿನ ಇಬ್ಬನಿ ಇನ್ನೂ ಇರುತ್ತದೆ. ನೆಲದಲ್ಲಿ, ಮರದಲ್ಲಿ ಪಸೆ ಇರುತ್ತದೆ. ಹಾಕಿದ ಬೆಂಕಿ ಮೇಲಿನ ತರಗು ತಿಂದು, ಹಳ್ಳ ಸಿಕ್ಕಿದ ಕಡೆ, ನೆರಳು ಸಿಕ್ಕಿದ ಕಡೆ ತಾನೇ ಆರುತ್ತದೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಯಿತೆಂದರೆ ಆ ಕಾಲ ಮುಗಿಯಿತು. ಯುಗಾದಿ ಹೊತ್ತಿಗೆ ಬೆಂಕಿ ಬಿದ್ದರೆ ಅದು ಬೇರೆ ಜಾತಿಯ ಬೆಂಕಿ. ನೆಲ ಕಾದಿರುತ್ತದೆ, ಗಾಳಿ ಬಿಸಿಯಾಗಿರುತ್ತದೆ, ಬೆಟ್ಟದ ಇಳಿಜಾರು ಬೇರೆ. ಏರಿನಲ್ಲಿ ಬೆಂಕಿ ಓಡುವಷ್ಟು ಜೋರಾಗಿ ಸಮತಟ್ಟಿನಲ್ಲಿ ಓಡಲ್ಲ. ಏರು 10 ಡಿಗ್ರಿ ಜಾಸ್ತಿಯಾದರೆ ವೇಗ ಎರಡರಷ್ಟು ಅನ್ನುವುದು ಬೆಂಕಿ ಆರಿಸುವವರ ಒರಟು ಲೆಕ್ಕ.

1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಬೇಟೆ ನಿಂತಿತು, ಕಾಡೊಳಗಿನ ಬೇಸಾಯ ನಿಂತಿತು, ಜನ ಪೋಡುಗಳಲ್ಲಿ ನೆಲೆ ನಿಂತರು. ತರಗು ಬೆಂಕಿಯೂ ನಿಂತಿತು. 1972ರ ವನ್ಯಜೀವಿ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದೊಳಗೆ ಬೆಂಕಿ ಹಾಕುವುದೇ ಅಪರಾಧ. ಆಮೇಲೆ ಲಂಟಾನ ಹೆಚ್ಚಿತು ಅನ್ನುವುದು ಸೋಲಿಗರ ಮಾತು. ಮೊದಲು ಸಸಿಯಿದ್ದಾಗಲೇ ತರಗು ಬೆಂಕಿ ಅದನ್ನು ಸುಟ್ಟುಬಿಡುತ್ತಿತ್ತು. ಬೆಂಕಿ ನಿಂತ ಮೇಲೆ ಅದಕ್ಕೆ ಬಲಿಯಲು ಸಮಯ ಸಿಕ್ಕಿತು.

ವಿಜ್ಞಾನಿಗಳು ಮೊದಲು ಇದಕ್ಕೆ ಉಲ್ಟಾ ಯೋಚಿಸಿದ್ದರು ಅನ್ನುವುದು ಈ ಕಥೆಯ ನನ್ನ ಮೆಚ್ಚಿನ ಭಾಗ. 2005ರಲ್ಲಿ ಅಂಕಿಲಾ ಹಿರೇಮಠ ಮತ್ತು ಭರತ್ ಸುಂದರಂ ಒಂದು ಊಹೆ ಮುಂದಿಟ್ಟರು. ಬೆಂಕಿ ಬಿದ್ದರೆ ಜಾಗ ತೆರವಾಗುತ್ತದೆ, ಅಲ್ಲಿಗೆ ಲಂಟಾನ ಬರುತ್ತದೆ, ಲಂಟಾನ ಬಂದರೆ ಇನ್ನೂ ದೊಡ್ಡ ಬೆಂಕಿ ಬೀಳುತ್ತದೆ, ಹೀಗೆ ಚಕ್ರ ತಿರುಗುತ್ತದೆ ಅಂತ. ಕೇಳಲು ಸರಿಯಾಗಿಯೇ ಇದೆ. ಆಮೇಲೆ ಅವರೇ ಬೆಟ್ಟದಲ್ಲಿ ಅಳೆದು ನೋಡಿದಾಗ, ಬೆಂಕಿ ಹೆಚ್ಚು ಸಲ ಬಿದ್ದ ಕಡೆ ಲಂಟಾನ ಕಡಿಮೆ ಇತ್ತು! ತಮ್ಮ ಊಹೆಗೆ ಅಡ್ಡ ಬಂದದ್ದನ್ನು ಮುಚ್ಚಿಡದೆ ಬರೆದರು. ವಿಜ್ಞಾನದ ಪಾಠ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ?

ನೆಲ್ಲಿಕಾಯಿಯ ವಿಷಯವೂ ಹೀಗೇ. ನೆಲ್ಲಿ ಸೋಲಿಗರಿಗೆ ಕಾಸು ತರುವ ಮರ. ಅದರ ಕೊಂಬೆಯ ಮೇಲೆ ಬಂದಳಿಕೆ ಕೂತು ಮರದ ಸಾರ ಹೀರುತ್ತದೆ. ತರಗು ಬೆಂಕಿಯ ಹೊಗೆ, ಬಿಸಿ ತಾಗಿ ಬಂದಳಿಕೆ ಸಾಯುತ್ತಿತ್ತು, ಬೆಂಕಿ ನಿಂತ ಮೇಲೆ ಜಾಸ್ತಿಯಾಯಿತು ಅನ್ನುವುದು ಅವರ ಅನುಭವ. ನೆಲ್ಲಿ ಮರಗಳು ಕಡಿಮೆಯಾಗಲು ಜನ ಕಾಯಿ ಕೀಳುವುದೇ ಕಾರಣ ಅಂತ ಹೊರಗಿನವರು ಅಂದುಕೊಂಡಿದ್ದರು. ಕಾಡಿನಲ್ಲಿ ಎಣಿಸಿ ನೋಡಿದ ಮೇಲೆ ಬಂದಳಿಕೆ ಹತ್ತಿದ ಮರಗಳೇ ಹೆಚ್ಚು ಸಾಯುತ್ತವೆ ಅಂತ ಗೊತ್ತಾಯಿತು.

ಈಗ ನೀವು ಕೇಳಬಹುದು. ಮುದುಮಲೆಯಲ್ಲಿ ಬೆಂಕಿ ಜಾಸ್ತಿಯಾಗಿ ಕೆಟ್ಟಿತು ಅಂತೀರಿ, ಬಿಳಿಗಿರಿಯಲ್ಲಿ ಬೆಂಕಿ ನಿಂತು ಕೆಟ್ಟಿತು ಅಂತೀರಿ, ಯಾವುದು ಸರಿ? ಎರಡೂ ಸರಿ. ಬೆಂಕಿ ನಿಲ್ಲಲಿಲ್ಲ, ಬದಲಾಯಿತು. ಗೊತ್ತಿದ್ದವರು ಚಳಿಗಾಲದಲ್ಲಿ ಸಣ್ಣ ಸಣ್ಣ ತುಂಡುಗಳಿಗೆ ಹಾಕುತ್ತಿದ್ದ ಬೆಂಕಿ ಹೋಯಿತು. ಯಾರೂ ನೋಡಿಕೊಳ್ಳದ, ಬಿರುಬೇಸಿಗೆಯ, ಕಳ್ಳ ಬೆಂಕಿ ಉಳಿಯಿತು. ಮೊದಲನೆಯದನ್ನು ಕಾನೂನು ನಿಲ್ಲಿಸಬಲ್ಲದು, ಯಾಕೆಂದರೆ ಅದನ್ನು ಹಾಕುವವರು ಹಗಲಿನಲ್ಲಿ ಎಲ್ಲರ ಎದುರು ಹಾಕುತ್ತಾರೆ. ಎರಡನೆಯದು ಯಾವ ಕಾನೂನಿಗೂ ಸಿಗಲ್ಲ.

ಬೆಂಕಿಯನ್ನು ಸಂಪೂರ್ಣ ತಡೆಯುವ ಯೋಚನೆ ಹೊಸದೇನಲ್ಲ. 1860ರ ದಶಕದಲ್ಲಿ ಮಧ್ಯ ಭಾರತದ ಬೋರಿ ಕಾಡಿನಲ್ಲಿ ಪಿಯರ್ಸನ್ ಎಂಬ ಅಧಿಕಾರಿ ಇದನ್ನು ಮೊದಲು ಮಾಡಿ ತೋರಿಸಿದ. ಬೋರಿ ಈಗ ಸಾತ್ಪುರ ಹುಲಿ ಮೀಸಲಿನ ಭಾಗ. ಅಲ್ಲಿಂದ ಅದು ದೇಶಕ್ಕೆಲ್ಲ ಹಬ್ಬಿತು. ಬಂಗಾಳ, ಅಸ್ಸಾಮಿನ ಒದ್ದೆ ಸಾಲ್ ಮರದ ಕಾಡುಗಳಲ್ಲಿ ದಶಕಗಟ್ಟಲೆ ಬೆಂಕಿ ತಡೆದರು. ದೊಡ್ಡ ಮರಗಳೇನೋ ಚೆನ್ನಾಗಿದ್ದವು, ಆದರೆ ಕೆಳಗೆ ಸಾಲ್ ಸಸಿಯೇ ಬರಲಿಲ್ಲ. ಬಳ್ಳಿ, ಪೊದೆ ತುಂಬಿಕೊಂಡವು. ಕೊನೆಗೆ 20ನೇ ಶತಮಾನದ ಮೊದಲ ಕೆಲವು ದಶಕಗಳಲ್ಲಿ ಅದೇ ಇಲಾಖೆಯವರು ತಾವೇ ನಿಂತು ಬೆಂಕಿ ಹಾಕಿಸಬೇಕಾಯಿತು. ಅಮೆರಿಕದವರು ಇನ್ನೂ ಒಂದು ಕೈ ಮೇಲೆ. ಎಲ್ಲೇ ಬೆಂಕಿ ಕಂಡರೂ ಮರುದಿನ ಬೆಳಗ್ಗೆ 10 ಗಂಟೆಯೊಳಗೆ ಹತೋಟಿಗೆ ಬರಬೇಕು ಅಂತ 1935ರಲ್ಲಿ ನಿಯಮ ಮಾಡಿದರು. ಆಫೀಸು ತೆರೆಯುವ ಹೊತ್ತಿಗೆ ಕಡತ ಮುಗಿದಿರಬೇಕು ಅನ್ನುವ ಹಾಗೆ! ಅಲ್ಲಿನ ಪೈನ್ ಕಾಡುಗಳಲ್ಲಿ ಉರಿಯಬೇಕಾದದ್ದು ಉರಿಯದೆ ಕೂಡಿಕೊಂಡಿತು. ಆ ಸಾಲವನ್ನು ಅವರು ಇವತ್ತೂ ತೀರಿಸುತ್ತಿದ್ದಾರೆ.

ಒಂದು ಎಚ್ಚರಿಕೆ. ನಾನು ಇಷ್ಟು ಹೊತ್ತು ಹೇಳಿದ್ದು ಎಲೆ ಉದುರುವ ಕಾಡಿನ ಮಾತು. ಇದನ್ನೇ ತಗೊಂಡು ಹೋಗಿ ಆಗುಂಬೆಯಲ್ಲಿ ಹೇಳಬೇಡಿ. ಘಟ್ಟದ ನಿತ್ಯಹರಿದ್ವರ್ಣ ಕಾಡಿನ ಮರಗಳಿಗೆ ಬೆಂಕಿಯ ಪರಿಚಯವೇ ಇಲ್ಲ. ತೊಗಟೆ ತೆಳು. ಅಲ್ಲಿ ಮೊಣಕಾಲೆತ್ತರದ ಬೆಂಕಿಯೂ ದೊಡ್ಡ ಮರವನ್ನು ಕೊಲ್ಲುತ್ತದೆ. ಒಂದು ಸಲ ಮೇಲಿನ ಚಪ್ಪರ ಹರಿದು ಬಿಸಿಲು ನೆಲಕ್ಕೆ ಬಿತ್ತೋ, ನೆಲ ಒಣಗುತ್ತದೆ, ಮುಂದಿನ ಬೆಂಕಿಗೆ ದಾರಿಯಾಗುತ್ತದೆ. ಅಲ್ಲಿ ಬೆಂಕಿ ಬೇಡವೇ ಬೇಡ. 2023ರ ಮಾರ್ಚಿನಲ್ಲಿ ಗೋವಾದ ಮಹದಾಯಿ ಕಾಡುಗಳಲ್ಲಿ ದಿನಗಟ್ಟಲೆ ಬೆಂಕಿ ಬಿದ್ದದ್ದು ನಮಗೆಲ್ಲ ಭಯ ಹುಟ್ಟಿಸಿದ್ದು ಇದಕ್ಕೇ. ಇನ್ನು ಶೋಲ (ಬೆಟ್ಟದ ಕಣಿವೆಗಳಲ್ಲಿರುವ ಕುಳ್ಳ ಹಸಿರು ಕಾಡು) ಮತ್ತು ಹುಲ್ಲುಗಾವಲು ಸೇರಿದ ಬೆಟ್ಟಗಳ ಲೆಕ್ಕ ಮತ್ತೊಂದು. ಹುಲ್ಲು ಸುಟ್ಟರೆ ತಡೆದುಕೊಳ್ಳುತ್ತದೆ, ಕಣಿವೆಯ ಶೋಲ ತಡೆದುಕೊಳ್ಳಲ್ಲ. ಅದರ ಕಥೆ ಇನ್ನೊಂದು ದಿನಕ್ಕಿರಲಿ.

ಹಾಗಾದರೆ ಏನು ಮಾಡಬೇಕು? ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪಲೇಬೇಕು ಅಂತಿಲ್ಲ.

ನಾಳೆಯಿಂದಲೇ ತರಗು ಬೆಂಕಿ ಮತ್ತೆ ಶುರು ಮಾಡಿ ಅಂತ ನಾನು ಹೇಳಲ್ಲ. ಸೋಲಿಗರ ಹಿರಿಯರೂ ಹೇಳಲ್ಲ. ಯಾಕೆಂದರೆ ತರಗು ಬೆಂಕಿಗೆ ಬೇಕಾದದ್ದು ಬರೀ ತರಗು ಇರುವ ಕಾಡು. ಈಗಿನ ಕಾಡಿಗೆ ಜನವರಿಯಲ್ಲಿ ಬೆಂಕಿ ಕೊಟ್ಟರೂ ಅದು ಲಂಟಾನ ಹಿಡಿದು ಮೇಲೆ ಹತ್ತುತ್ತದೆ. ಹಳೇ ಔಷಧ ಹೊಸ ರೋಗಿಗೆ ಹೊಂದಲ್ಲ. ಮೊದಲು ಪುಳ್ಳೆ ತೆಗೆಯಬೇಕು. ಇಡೀ ಬಂಡೀಪುರದ ಲಂಟಾನ ಕಿತ್ತುಹಾಕುವುದು ಆಗದ ಮಾತು, ಸುಮ್ನೆ ಭಾಷಣದಲ್ಲಿ ಹೇಳಬಹುದು ಅಷ್ಟೇ. ಆದರೆ ಜಾಗ ಆರಿಸಿಕೊಂಡು ಮಾಡಬಹುದು. ರಸ್ತೆಯ ಬದಿ, ಬೆಂಕಿ ರೇಖೆಯ (ಬೆಂಕಿ ದಾಟದ ಹಾಗೆ ಗಿಡ, ಹುಲ್ಲು ತೆಗೆದ ಪಟ್ಟಿ) ಎರಡೂ ಕಡೆ, ಊರಂಚು, ನೀರಿನ ಹಳ್ಳದ ದಂಡೆ. ತೆಗೆದ ಜಾಗದಲ್ಲಿ ಕಾಡಿನದೇ ಹುಲ್ಲು ಬರಿಸಿ, ಎರಡು ಮೂರು ಮಳೆಗಾಲ ಬಿಡದೆ ಲಂಟಾನದ ಸಸಿ ಕೀಳಬೇಕು. ಈ ಎರಡನೇ ಭಾಗಕ್ಕೆ ಯಾರೂ ಉದ್ಘಾಟನೆ ಇಟ್ಟುಕೊಳ್ಳಲ್ಲ, ಹಾಗಾಗಿ ಅದು ನಡೆಯುವುದೂ ಕಡಿಮೆ. ಕಿತ್ತ ಗಿಡಕ್ಕೂ ಬೆಲೆ ಇದೆ. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ, ಆಳೆತ್ತರದ ಆನೆಗಳನ್ನೂ ಮಾಡುತ್ತಾರೆ.

ಹಾಗೆ ತೆರವಾದ ತುಂಡುಗಳಲ್ಲಿ ಆಮೇಲೆ ಚಳಿಗಾಲದ ಬೆಂಕಿ ಪ್ರಯತ್ನಿಸಬಹುದು. ಎಲ್ಲ ತುಂಡಿಗೂ ಒಂದೇ ವರ್ಷ ಅಲ್ಲ. ಈ ವರ್ಷ ಇದು, ಮುಂದಿನ ವರ್ಷ ಅದು, ಸಸಿ ಏಳುತ್ತಿರುವ ಜಾಗಕ್ಕೆ ಐದಾರು ವರ್ಷ ಬಿಡುವು. ಆಗ ಬೇಸಿಗೆಯಲ್ಲಿ ಕಳ್ಳ ಬೆಂಕಿ ಬಂದರೂ ನಡುವೆ ಸುಟ್ಟ ತುಂಡು ಸಿಕ್ಕಿ ನಿಲ್ಲುತ್ತದೆ. ಆಸ್ಟ್ರೇಲಿಯಾದ ಉತ್ತರದ ಆರ್ನ್‌ಹೆಮ್ ಲ್ಯಾಂಡ್‌ನಲ್ಲಿ ಮೂಲನಿವಾಸಿಗಳು ಇದೇ ಕೆಲಸವನ್ನು ಸಂಬಳ ಪಡೆದು ಮಾಡುತ್ತಿದ್ದಾರೆ. 2006ರಿಂದ ನಡೆಯುತ್ತಿರುವ ಯೋಜನೆ ಅದು. ಮಳೆ ಮುಗಿದು ಒಣಗಾಲ ಶುರುವಾಗುತ್ತಲೇ ಸಣ್ಣ ಬೆಂಕಿ ಹಾಕಿ, ಕೊನೆಯ ದೊಡ್ಡ ಬೆಂಕಿ ಕಡಿಮೆ ಮಾಡುತ್ತಾರೆ. ನಮ್ಮಲ್ಲೂ 2006ರ ಅರಣ್ಯ ಹಕ್ಕು ಕಾಯ್ದೆ ಇದೆ. 2011ರಲ್ಲಿ ಬಿಳಿಗಿರಿಯ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿದೆ. ಹುಲಿ ಮೀಸಲಿನೊಳಗೆ ಹಾಗೆ ಸಿಕ್ಕಿದ್ದು ದೊಡ್ಡ ಸಂಗತಿ. ಕಾಡು ನೋಡಿಕೊಳ್ಳುವ ಹಕ್ಕು ಕೊಟ್ಟು ಬೆಂಕಿಯ ಮಾತು ಎತ್ತಬೇಡಿ ಅಂದರೆ, ಅಡುಗೆ ಮನೆ ಕೊಟ್ಟು ಒಲೆ ಮುಟ್ಟಬೇಡಿ ಅಂದ ಹಾಗೆ.

ಇನ್ನು ಬೆಂಕಿ ವಾಚರುಗಳು. ಉಪಗ್ರಹ ಬಂದಿದೆ, ನಿಜ. ಭಾರತೀಯ ಅರಣ್ಯ ಸರ್ವೇಕ್ಷಣೆಯವರು 2004ರಿಂದ ಬೆಂಕಿ ಎಚ್ಚರಿಕೆ ಕಳಿಸುತ್ತಿದ್ದಾರೆ. ಈಗ 375 ಮೀಟರ್ ಚೌಕದಷ್ಟು ನಿಖರವಾಗಿ ಜಾಗ ಸಿಗುತ್ತದೆ. ಮೆಸೇಜು ವಲಯ ಅಧಿಕಾರಿಯ ಫೋನಿಗೆ ಬರುತ್ತದೆ. ಆದರೆ ಉಪಗ್ರಹ ದಿನಕ್ಕೆ ಕೆಲವೇ ಸಲ ತಲೆಯ ಮೇಲೆ ಹಾದುಹೋಗುತ್ತದೆ. ನಡುಮಧ್ಯಾಹ್ನದ ಹುಲ್ಲಿನ ಬೆಂಕಿಗೆ ಅರ್ಧ ಗಂಟೆ ಸಾಕು. ಬೆಟ್ಟದ ತುದಿಯ ಅಟ್ಟಣೆಯಲ್ಲಿ ಕೂತು ಮೊದಲ ಹೊಗೆ ನೋಡುವವನು ಹಾಡಿಯಿಂದಲೋ ಪೋಡಿನಿಂದಲೋ ಬಂದ ಹುಡುಗ. ಅವನಿಗೆ ಕೆಲಸ ಬೇಸಿಗೆಯ ಕೆಲವು ತಿಂಗಳು ಮಾತ್ರ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಒಬ್ಬ ಅರಣ್ಯ ರಕ್ಷಕರು ಸುಟ್ಟು ತೀರಿಕೊಂಡರು. ಅವರ ಜೊತೆಗಿದ್ದವರಿಗೂ ಗಾಯವಾಯಿತು. ಆ ಕೆಲಸ ಮಾಡುವವರಿಗೆ ಒಳ್ಳೆಯ ಬೂಟು, ವರ್ಷಪೂರ್ತಿ ಸಂಬಳ, ವಿಮೆ ಕೊಡುವುದು ಕಾಡು ಉಳಿಸುವ ಖರ್ಚಿನಲ್ಲೇ ಸೇರಬೇಕು ಅಂತ ನನಗನ್ನಿಸುತ್ತದೆ.

ಇಷ್ಟು ಹೇಳಿ ನಿಲ್ಲಿಸಿದೆ. ಪ್ರಶ್ನೆಗಳು ಬಂದವು.

ಮೊದಲ ಪ್ರಶ್ನೆ ಒಬ್ಬ ಹುಡುಗಿಯದು. ಬಂಡೀಪುರದಲ್ಲಿ ಸುಟ್ಟ ಪ್ರಾಣಿಗಳ ಫೋಟೋ ನೋಡಿದ್ದೆ, ಅಷ್ಟು ಪ್ರಾಣಿ ಸತ್ತವಾ ಅಂತ. ಆ ಫೋಟೋಗಳಲ್ಲಿ ಬಹಳಷ್ಟು ಬೇರೆ ಕಡೆಯವು, ವಾಟ್ಸಾಪಿನಲ್ಲಿ ಓಡಾಡಿದವು. ಆನೆ, ಹುಲಿ, ಜಿಂಕೆ ನೆಲದ ಬೆಂಕಿಯಿಂದ ಸಾಮಾನ್ಯವಾಗಿ ತಪ್ಪಿಸಿಕೊಳ್ಳುತ್ತವೆ. ಹಸಿರು ಚಿಗುರಿಗೆ ಜಿಂಕೆ ಮೊದಲು ಬರುವುದೂ ಸುಟ್ಟ ಜಾಗಕ್ಕೇ. ಕಾಜಾಣ, ನೀಲಕಂಠ ಹಕ್ಕಿಗಳಂತೂ ಉರಿಯ ಮುಂದೆಯೇ ಹಾರುತ್ತ, ತಪ್ಪಿಸಿಕೊಂಡು ಏಳುವ ಹುಳುಗಳನ್ನು ಹಿಡಿಯುತ್ತವೆ. ಅವಕ್ಕೆ ಹಬ್ಬ. ಫೋಟೋ ತೆಗೆಯುವವರಿಗೆ ಕಾಣದೆ ಸಾಯುವುದು ಆಮೆ, ಹಾವು, ಓತಿಕ್ಯಾತ, ನೆಲದ ಗೂಡಿನ ಮೊಟ್ಟೆ, ತರಗಿನೊಳಗಿನ ಲೆಕ್ಕವಿಲ್ಲದ ಜೀವಿಗಳು. ಉರಿ ನಿಧಾನವಾಗಿ, ಬಿಟ್ಟು ಬಿಟ್ಟು ಹೋದರೆ ಅವಕ್ಕೂ ಅಡಗಲು ಜಾಗ ಸಿಗುತ್ತದೆ.

ಹಿಂದೆ ಕೂತಿದ್ದ ಹಿರಿಯರೊಬ್ಬರು ಕೇಳಿದರು: ಹೆಲಿಕಾಪ್ಟರ್ ಬಂದು ನೀರು ಸುರಿದ ಮೇಲೇ ತಾನೇ ಬೆಂಕಿ ಆರಿದ್ದು, ನಮಗೂ ಅಂಥವು ನಾಲ್ಕು ಇದ್ದರೆ ಸಾಕಲ್ಲವೇ ಅಂತ. ಹೌದು, ಫೆಬ್ರವರಿ 25ರಂದು ವಾಯುಪಡೆಯ ಹೆಲಿಕಾಪ್ಟರುಗಳು ದೊಡ್ಡ ಚೀಲದಲ್ಲಿ ನೀರು ತಂದು ಸುರಿದವು. ಜನ ಹತ್ತಲಾಗದ ಬೆಟ್ಟದ ಇಳಿಜಾರಿನಲ್ಲಿ ಅದರಿಂದ ಉಪಯೋಗ ಆಯಿತು. ಬೇಡ ಅನ್ನಲ್ಲ. ಆದರೆ ಉರಿ ಬಿದ್ದ ಮೇಲೆ ಬಾವಿ ತೋಡುವ ಗಾದೆ ಇದೆಯಲ್ಲ, ಇದು ಬಾವಿಯನ್ನೇ ಆಕಾಶದಲ್ಲಿ ಹೊತ್ತು ತಂದ ಹಾಗೆ. ಆ ಖರ್ಚಿನಲ್ಲಿ ನವೆಂಬರಿನಲ್ಲೇ ಎಷ್ಟು ಬೆಂಕಿ ರೇಖೆ ಕಡಿಯಬಹುದು, ಎಷ್ಟು ವಾಚರುಗಳನ್ನು ಇಡಬಹುದು ಅಂತ ಅವರೇ ಲೆಕ್ಕ ಹಾಕತೊಡಗಿದರು.

ಕೊನೆಗೆ ಒಬ್ಬ ಹುಡುಗ ಎದ್ದ. ಅವನ ಊರು ಕಾಡಿಗೆ ತಾಗಿಯೇ ಇದೆಯಂತೆ. ನಾವೇನು ಮಾಡಬಹುದು ಸಾರ್ ಅಂದ. ಹೊಲದ ಕಸ, ಕಬ್ಬಿನ ತರಗು ಸುಡಲೇಬೇಕು ಅಂತಿದ್ದರೆ ಮಧ್ಯಾಹ್ನ ಬೇಡ, ಗಾಳಿ ಇದ್ದಾಗ ಬೇಡ, ಬದುವಿನ ಸುತ್ತ ನಾಲ್ಕು ಮಾರು ಕೆರೆದುಕೊಳ್ಳದೆ ಬೇಡ. ಕಾಡಿನ ಕಡೆ ಹೊಗೆ ಕಂಡರೆ ವಿಡಿಯೋ ಮಾಡುವ ಮೊದಲು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡು. ಕಾಡಂಚಿನ ಲಂಟಾನ ತೆಗೆಯಲು ಇಲಾಖೆಯವರು ಕರೆದರೆ ಹೋಗು.

‘ಸಾರ್, ನಮ್ಮ ಹೊಲದ ಬೇಲಿಯೇ ಲಂಟಾನ’ ಅಂದ.

ಎಲ್ಲರೂ ನಕ್ಕರು. ಸರಿ, ಅಲ್ಲಿಂದಲೇ ಶುರು ಮಾಡಪ್ಪ ಅಂದೆ. ‘ಕಡಿದ್ರೆ ಮತ್ತೆ ಬರುತ್ತೆ ಸಾರ್.’ ಮೇಲೆ ಕಡಿದರೆ ಬರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರು ತೋರಿಸಿಕೊಟ್ಟ ಒಂದು ವಿಧಾನ ಇದೆ. ಅದು ಚಿಗುರುವುದು ಬೇರು ಮತ್ತು ಕಾಂಡ ಸೇರುವ ಕತ್ತಿನಿಂದ. ಮಣ್ಣು ಸ್ವಲ್ಪ ಸರಿಸಿ, ಆ ಕತ್ತಿನಿಂದ ಎರಡು ಮೂರು ಬೆರಳು ಕೆಳಗೆ ಬೇರು ಕಡಿಯಬೇಕು. ಆಮೇಲೆ ಗಿಡವನ್ನು ತಲೆಕೆಳಗು ಮಾಡಿ ಇಡಬೇಕು, ಬೇರು ನೆಲಕ್ಕೆ ತಾಗಬಾರದು. ಮಳೆ ಬಿದ್ದು ನೆಲ ಮೆದುವಾದಾಗ ಮಾಡಿದರೆ ಸುಲಭ, ಆದರೆ ಹಣ್ಣು ಬಿಡುವ ಮೊದಲೇ ಮಾಡಬೇಕು. ಬೇಲಿಗೆ ಬೇರೆ ಏನು ಹಾಕಲಿ ಅಂತ ಕೇಳಿದ. ಕಳ್ಳಿ, ಕತ್ತಾಳೆ ಅಂತ ನಾನು ಹೇಳುವುದರೊಳಗೆ ಹಿಂದಿನಿಂದ ಆ ಹಿರಿಯರು ‘ಗೊಬ್ಬರದ ಗಿಡ ಹಾಕೋ, ಸೊಪ್ಪೂ ಆಯ್ತು’ ಅಂದರು. ಅವರಿಬ್ಬರೂ ಅದನ್ನೇ ಮಾತಾಡುತ್ತ ಹೊರಗೆ ಹೋದರು.